ಗದ್ದೆಗೆ ಒಂದು ಫೋನು

ಇವತ್ತು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಹಾಲು ಕಾಯಿಸಿದೆ, ಉಕ್ಕಿಸಿದೆ, ಒಲೆ ಒರೆಸಿದೆ. ಗಂಡನ ಡಬ್ಬಿಗೆ ಚಿತ್ರಾನ್ನ ತುಂಬಿಸಿ ಅವರನ್ನು ಕೆ.ಆರ್. ಪೇಟೆ ಬಸ್ಸಿಗೆ ಕಳಿಸಿದೆ. ಮಗಳ ಚೂಡಿದಾರಕ್ಕೆ ಇಸ್ತ್ರಿ ಹಾಕಿದೆ. ನೆನೆಸಿಟ್ಟ ಅಕ್ಕಿ ರುಬ್ಬಿದೆ. ಕುಂಡದ ದಾಸವಾಳಕ್ಕೆ ಹತ್ತಿಕೊಂಡಿದ್ದ ಬಿಳಿ ಹುಳ ಒರೆಸಿ ತೆಗೆದೆ. ಒಂದು ಮದುವೆ ಬ್ಲೌಸಿಗೆ ಹುಕ್ಕು ಹೊಲಿದೆ.

ಪಾಂಡವಪುರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಇವತ್ತು ಮಧ್ಯಾಹ್ನದವರೆಗೆ ಅದರ ಬಾಗಿಲು ತೆಗೆಯಲಿಲ್ಲ, ಹುಕ್ಕನ್ನು ಮನೆಯಲ್ಲೇ ಕೂತು ಹೊಲಿದೆ. ಕೈ ಸೂಜಿಯ ಮೇಲಿದ್ದರೂ ಕಿವಿ ನಡುಮನೆಯ ಕಡೆಗೇ ಇತ್ತು. ಅಲ್ಲಿ ನಮ್ಮತ್ತೆ ಫೋನನ್ನು ಮಣೆಯ ಮೇಲಿಟ್ಟು ಅದರ ಮುಂದೆ ಕೂತಿದ್ದರು. ಅವರು ಮಾಡಬೇಕಾದ ಒಂದೇ ಒಂದು ಕರೆಯ ಮೇಲೆ, ಮಾವ ಇನ್ನು ಗದ್ದೆಗೆ ಹೋಗಬಹುದೋ ಇಲ್ಲವೋ ಎಂಬುದು ನಿಂತಿತ್ತು.

ಆದದ್ದು ಇಷ್ಟು. ಮಳೆ ಬಂದ ಮಾರನೆಯ ದಿನ ಮಾವ ಗದ್ದೆಯ ಬದುವಿನ ಮೇಲೆ ಜಾರಿ ಬಿದ್ದರು. ಮಂಡಿ ಉಳುಕಿತ್ತು. ಏಳಲಾಗದೆ ಕೆಸರಲ್ಲೇ ಕೂತಿದ್ದವರನ್ನು ಕಬ್ಬು ಕಡಿಯಲು ಹೋಗುತ್ತಿದ್ದವರು ನೋಡಿ ಎತ್ತಿಕೊಂಡು ಬಂದರು. ಮಂಡಿಯೇನೋ ಸರಿಹೋಯಿತು. ನನ್ನ ಗಂಡ ಮಾತ್ರ ಅವತ್ತೇ ತೀರ್ಮಾನ ಹೇಳಿಬಿಟ್ಟರು.

"ಸಾಕು ಕಣಪ್ಪ ಇನ್ನ. ಗದ್ದೇನ ವಾರಕ್ಕೆ ಕೊಟ್ಬುಡನ, ಬೇರೆಯೋರು ಬೆಳ್ದು ಪಾಲ್ ಕೊಡ್ಲಿ. ನೀನು ಜಗಲಿ ಮ್ಯಾಲೆ ಆರಾಮಾಗಿ ಕೂತ್ಕೊ."

ಮಾವ ಕೂತರು. ಆರಾಮಾಗಿ ಕೂರಲಿಲ್ಲ, ಅಷ್ಟೆ. ಬೀದಿಯಲ್ಲಿ ಹೋಗುವ ಪ್ರತಿ ಟ್ರಾಕ್ಟರನ್ನೂ ನಿಲ್ಲಿಸಿ ನಾಲೆಯಲ್ಲಿ ನೀರು ಬಿಟ್ಟಿದ್ದಾರಾ ಎಂದು ಕೇಳುವುದು. ಟಿವಿ ಹಾಕಿ ಆರಿಸುವುದು. ತಟ್ಟೆಗೆ ಬಡಿಸಿದರೆ ಅರ್ಧ ಮುದ್ದೆ ಸಾಕು ಎನ್ನುವುದು. ನೋಡಿ ನೋಡಿ ಅತ್ತೆಗೆ ತಡೆಯಲಾಗಲಿಲ್ಲ. ಒಂದು ರಾತ್ರಿ ಊಟದ ಹೊತ್ತಲ್ಲಿ ಮಗನಿಗೆ ಹೇಳಿದರು: "ಲೇ ಮಗ, ಅವ್ರು ಗದ್ದೆಗ್ ಓಗ್ಲಿ ಕಣ್ಲಾ. ಒತ್ತು ಏರದ್ ಮ್ಯಾಲೆ ನಾನ್ ಒಂದ್ ಫೋನ್ ಮಾಡಿ ಇಚಾರುಸ್ಕತೀನಿ."

"ನೀನು? ಫೋನು?" ನನ್ನ ಗಂಡ ನಕ್ಕರು. ಆಮೇಲೆ ತಾಯಿಯ ಮುಖ ನೋಡಿ ನಗು ನಿಲ್ಲಿಸಿದರು. "ಸರಿ ಕಣವ್ವ. ನೀನು ಫೋನ್ ಮಾಡೋದ್ ಕಲ್ತು, ಅಪ್ಪ ಎತ್ತುದ್ರೆ ಓಗ್ಲಿ. ಇಲ್ಲಾಂದ್ರೆ ವಾರಕ್ಕೆ."

ನಾನೇ ಅಂಗಡಿಯಿಂದ ಮಾಡುತ್ತೇನೆ ಎಂದೆ. ಅತ್ತೆ ಒಪ್ಪಲಿಲ್ಲ. "ನೀನು ಕತ್ರಿ ಇಡುದ್ರೆ ಉಣ್ಣದ್ನೇ ಮರೀತೀಯ. ಅವ್ರು ಎತ್ನಿಲ್ಲ ಅಂದ್ರೆ ಪಾಂಡಪುರದಿಂದ ಹಾರ್ಕಂಡ್ ಬತ್ತೀಯಾ? ನಾನಾದ್ರೆ ಇಲ್ಲೇ ಬೀದೀಲಿ ಯಾರ್ನಾದ್ರೂ ಕೂಗಿ ಓಡುಸ್ಬೌದು." ಮಾತು ಸರಿಯಾಗಿಯೇ ಇತ್ತು.

ಫೋನಿನ ಬಗ್ಗೆ ನನಗೆ ಅಂಥ ದೂರುಗಳಿಲ್ಲ. ಅದು ಬಂದು ಜನ ಮಾತಾಡುವುದನ್ನೇ ಬಿಟ್ಟರು ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ನಮ್ಮ ಬೀದಿಯವರು ಫೋನಿಲ್ಲದಾಗ ಆಡುತ್ತಿದ್ದ ಮಾತೆಲ್ಲ ಚಾಡಿಯೇ. ಬ್ಲೌಸಿನ ಕತ್ತಿನ ಮಾದರಿ ವರ್ಣಿಸಲಾಗದೆ ಒದ್ದಾಡುತ್ತಿದ್ದ ಹೆಂಗಸರು ಈಗ ಚಿತ್ರ ತೋರಿಸಿ ಹೋಗುತ್ತಾರೆ. ಅರ್ಧ ಜಗಳ ತಪ್ಪಿತು. ನನಗೆ ತಕರಾರಿರುವುದು ಧಾರಾವಾಹಿಗಳ ಮೇಲೆ. ಎಲ್ಲರ ಕೈಯಲ್ಲೂ ಫೋನಿರುತ್ತದೆ, ಒಂದು ಕರೆ ಮಾಡಿ ಕೇಳಿದರೆ ಮುಗಿಯುವ ಅನುಮಾನವನ್ನು ಆರು ತಿಂಗಳು ಎಳೆಯುತ್ತಾರೆ. ಅತ್ತೆ ಅದನ್ನು ಬೈಯುತ್ತಲೇ ನೋಡುತ್ತಾರೆ.

ಇನ್ನು ಮದುವೆಗೆ ಮುಂಚೆಯೇ ಹುಡುಗ ಹುಡುಗಿ ಮಾಡಿಸುವ ವಿಡಿಯೊ. ತೊಣ್ಣೂರು ಕೆರೆಯ ಏರಿಯ ಮೇಲೆ ಒಂದು ಸಲ ನಾನೂ ಅತ್ತೆಯೂ ನಿಂತು ನೋಡಿದೆವು. ನೆಲ ಗುಡಿಸುವಷ್ಟು ಉದ್ದದ ಗೌನು ಹಾಕಿದ ಹುಡುಗಿ, ಕೋಟು ಹಾಕಿದ ಹುಡುಗ, ಮೇಲೆ ಗುಂಯ್ ಎನ್ನುವ ಡ್ರೋನು. ಹುಡುಗಿ ಅವನ ಹೆಸರು ಹಿಡಿದು, "ಲೋ, ಬಾರೋ ಈ ಕಡೆ!" ಎಂದು ಕೂಗಿದಳು. ಅತ್ತೆ ಮುಖ ಗಂಟಿಕ್ಕುತ್ತಾರೆ ಅಂದುಕೊಂಡರೆ, "ಕರೀಲಿ ಬುಡು. ಅವುನ್ಗೂ ಕೇಳ್ಬೇಕಲ್ವಾ, ಆ ಗಾಳೀಲಿ" ಎಂದರು. ನಮ್ಮತ್ತೆ ಹೀಗೆ. ಬೇರೆಯವರಿಗೆ ನಿಯಮ ಹಾಕುವುದಿಲ್ಲ, ತಮ್ಮದನ್ನು ತಾವು ಬಿಡುವುದೂ ಇಲ್ಲ.

ಈ ವಿಷಯ ನಮಗೆ ಮೊದಲೇ ಹೊಳೆಯಬೇಕಿತ್ತು.

ಕಲಿಸುವ ಕೆಲಸವನ್ನು ಕಾಲೇಜಿಗೆ ಹೋಗುವ ಮಗಳು ವಹಿಸಿಕೊಂಡಳು. ಗುಂಡಿ ಒತ್ತುವ ಫೋನು ಮಾವನ ಜೇಬಿನಲ್ಲಿರುತ್ತದೆ. ಮನೆಯಲ್ಲಿ ಉಳಿಯುವುದು ಅವಳ ಹಳೆಯದು, ಗಾಜಿನದು. ಮಾವನ ಫೋಟೊ ಹಾಕಿ, ಇದನ್ನು ಮುಟ್ಟಿದರೆ ಸಾಕು ಎಂದಳು. ಪೈರು ನೆಟ್ಟು, ಕಳೆ ಕಿತ್ತು ಒರಟಾದ ಅತ್ತೆಯ ಬೆರಳನ್ನು ಆ ಗಾಜು ಬೆರಳೆಂದೇ ಒಪ್ಪಲಿಲ್ಲ. ಜೋರಾಗಿ ಒತ್ತಿದರೆ ಇನ್ನೇನೋ ತೆರೆದುಕೊಳ್ಳುತ್ತಿತ್ತು. ಕೊನೆಗೆ ಮಗಳು ಬಾಯಲ್ಲಿ ಹೇಳಿದರೆ ಕೇಳುವ ಹಾಗೆ ಮಾಡಿದಳು. ಕೂಗಿದರೆ ಅದು ಎಚ್ಚರವಾಗುತ್ತದೆ, ಯಾರಿಗೆ ಎಂದು ಕೇಳುತ್ತದೆ, ಹೆಸರು ಹೇಳಿದರೆ ತಾನೇ ಕರೆ ಮಾಡುತ್ತದೆ.

"ಈಗ ತಾತನ್ ಹೆಸ್ರು ಹೇಳಜ್ಜಿ."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ನಾನೂ ಮಗಳೂ ಮುಖ ಮುಖ ನೋಡಿಕೊಂಡೆವು. ಇಷ್ಟು ವರ್ಷದಲ್ಲಿ ಅವರು ಒಂದು ದಿನವೂ ಗಂಡನ ಹೆಸರು ಎತ್ತಿದವರಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಪಕ್ಕದವಳನ್ನು ತಿವಿದು, "ನೀನೇ ಏಳವ್ವ" ಎನ್ನುತ್ತಾರೆ. ಅದೇ ಹೆಸರಿನ ದೇವರನ್ನು "ಬೆಟ್ಟದ್ ಮ್ಯಾಲ್ನೋನು" ಎನ್ನುತ್ತಾರೆ. ತಾತನ ಹೆಸರನ್ನೇ ಇಟ್ಟಿರುವ ಮೊಮ್ಮಗ, ನನ್ನ ನಾದಿನಿಯ ಮಗ, ಅವರಿಗೆ ಇವತ್ತಿಗೂ "ಮರಿ". ನಾನೂ ಮಾವನ ಹೆಸರನ್ನು ಬ್ಯಾಂಕಿನಲ್ಲಿ ಬಿಟ್ಟರೆ ಬೇರೆಲ್ಲೂ ಹೇಳಿದ್ದಿಲ್ಲ, ಇಲ್ಲೂ ಬರೆಯುವುದಿಲ್ಲ.

"ಫೋನ್ ಹತ್ರ ಹೇಳಿದ್ರೆ ಏನಜ್ಜಿ? ಅದೇನ್ ಮನುಷ್ಯನಾ?"

"ಕಿವಿ ಅದೆ ಅಂದ್ಯಲ್ಲ ನೀನೇ."

ಆಮೇಲೆ ಅತ್ತೆಯೇ ಒಂದು ದಾರಿ ಹುಡುಕಿದರು. ಅವರ ತವರು ನಾಗಮಂಗಲದ ಕಡೆ. ಮದುವೆಯಲ್ಲಿ ಹೆಣ್ಣು ಗಂಡು ಒಳಗೆ ಬರುವಾಗ ಹೊಸಿಲಿಗೆ ಅಡ್ಡ ನಿಂತು ಹೆಸರು ಹೇಳಿಸುವುದುಂಟಲ್ಲ, ಆಗ ಪದ ಕಟ್ಟಿ, ಪದದ ಕೊನೆಗೆ ಹೆಸರು ಸೇರಿಸಿ ಹೇಳಿದರೆ ತಪ್ಪಿಲ್ಲ. ಹಾಗೇ ಹೇಳುತ್ತೇನೆ ಎಂದರು. ಸೆರಗು ಸರಿಮಾಡಿಕೊಂಡು, ಗೋಡೆಯ ಕಡೆ ತಿರುಗಿ, ಹಳೆಯ ರಾಗದಲ್ಲಿ ಶುರು ಮಾಡಿದರು: "ಬೆಳ್ಳಿ ಬಟ್ಲಲ್ಲಿ ಬೆಲ್ಲದ ಪಾನಕ, ಬಾಗ್ಲಲ್ಲಿ ನಿಂತೋರ್ಗೆ ನೆಳ್ಳಿನ ಚಪ್ರ..."

ಹೆಸರು ಬರುವವರೆಗೆ ಫೋನು ಕಾಯಲಿಲ್ಲ. ಬೆಲ್ಲದ ಪಾನಕ ಮಾಡುವ ವಿಧಾನವನ್ನು ಗಟ್ಟಿಯಾಗಿ ಓದತೊಡಗಿತು.

ಜಗಲಿಯಿಂದ ಮಾವ ಕೂಗಿದರು: "ನಿಂಬೆಣ್ಣು ಎಷ್ಟ್ ಆಕ್ಬೇಕಂತಮ್ಮಿ?"

ಬಿದ್ದ ಮೇಲೆ ಅವರು ತಮಾಷೆ ಮಾಡಿದ್ದು ಅದೇ ಮೊದಲು. ಅತ್ತೆಗೆ ಮಾತ್ರ ಕಣ್ಣಲ್ಲಿ ನೀರು. "ನನ್ ಕೈಲಾಗಲ್ಲ ಕಣವ್ವ. ನನ್ನಿಂದ್ಲೇ ಅವ್ರು ಗದ್ದೆ ಬುಡಂಗಾಯ್ತು."

ಮಗಳು ಹೆಸರು ಬದಲಿಸಲು ಕೂತಳು. ತಾತ ಎಂದು ಹಾಕಿದಳು. "ನಂಗ್ ತಾತ್ನಾ ಅವ್ರು?" ಮಾವ ಎಂದು ಹಾಕಿದಳು. "ಅದು ನಿಮ್ಮವ್ವುಂಗೆ." ಯಜಮಾನ್ರು ಎಂದರೆ ಅದು ಧಾರಾವಾಹಿಯ ಮಾತಿನಂತಿದೆ, ನಾಚಿಕೆಯಾಗುತ್ತದೆ ಎಂದರು.

"ಅತ್ತೆ, ನೀವು ಅವ್ರುನ್ನ ಏನಂತ ಕರೀತೀರಿ?" ಎಂದೆ.

"ಕರಿಯದ್ಯಾಕೆ? ಎದ್ರುಗೋಗಿ ನಿಂತ್ಕತೀನಿ."

"ದೂರದಲ್ಲಿದ್ರೆ?"

"ನಾಲೆ ಏರಿ ಮ್ಯಾಲೆ ನಿಂತು ಗದ್ದೆ ಕಡೀಕ್ ತಿರಿಕ್ಕಂಡು 'ಓ' ಅಂತ ಕೂಗ್ತಿದ್ದೆ. ಗದ್ದೇಲಿ ಇನ್ಯಾರವ್ರೆ? ಅವ್ರೇ ತಿರುಗೋರು."

ಮಗಳ ಕೈಯಿಂದ ಫೋನು ತೆಗೆದುಕೊಂಡೆ. ಮಾವನ ನಂಬರಿನ ಮೇಲೆ 'ಗದ್ದೆ' ಎಂದು ಹಾಕಿದೆ. ಅತ್ತೆ ನಂಬಿಕೆಯಿಲ್ಲದೆ, ಆಳಿಗೆ ಹೇಳುವ ದನಿಯಲ್ಲಿ, "ಗದ್ದೆಗ್ ಫೋನ್ ಮಾಡು" ಎಂದರು. ಜಗಲಿಯಲ್ಲಿ ಮಾವನ ಫೋನು ಹೊಡೆದುಕೊಂಡಿತು.

ಹೆಸರು ಹೇಳದ ಪದ್ಧತಿ ಒಳ್ಳೆಯದೆಂದು ನಾನು ಹೇಳುವುದಿಲ್ಲ. ನನ್ನ ಮಗಳು ಅದನ್ನು ಇಟ್ಟುಕೊಳ್ಳುವುದಿಲ್ಲ, ಇಟ್ಟುಕೊಳ್ಳಬೇಕಾಗಿಯೂ ಇಲ್ಲ. ಆದರೆ ಹೊಸದೊಂದು ವಸ್ತು ಮನೆಗೆ ಬಂದಾಗ ಎಪ್ಪತ್ತು ದಾಟಿದವರೇ ಯಾಕೆ ಬದಲಾಗಬೇಕು? ಫೋನೇ ಸ್ವಲ್ಪ ಬಗ್ಗಲಿ. ನಿಜ ಹೇಳಬೇಕೆಂದರೆ ಅದು ಬಗ್ಗಿತು ಕೂಡ, ಒಂದು ಮಾತೂ ಎದುರಾಡದೆ.

ಇವತ್ತು ಆ ಪರೀಕ್ಷೆಯ ದಿನ. ಮಾವ ತಿಂಡಿ ತಿಂದು, ಗುದ್ದಲಿ ಹೆಗಲಿಗೇರಿಸಿ, ಇನ್ನೊಂದು ಕೈಯಲ್ಲಿ ಕೋಲು ಹಿಡಿದು ಹೊರಟರು. ಬಿಸಿಲು ಜಗಲಿಯ ಕಂಬ ಮುಟ್ಟಿದಾಗ ಅತ್ತೆ, "ಗದ್ದೆಗ್ ಫೋನ್ ಮಾಡು" ಎಂದರು. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಇನ್ನೊಂದು ಸಲ ಹೇಳಿದರು. ಆಗಲೂ ಎತ್ತಲಿಲ್ಲ. ಅತ್ತೆ ನನ್ನ ಕಡೆ ನೋಡಿದರು. ನಾನು ಸೂಜಿ ಚುಚ್ಚಿಟ್ಟು ಎದ್ದೆ, ಚಪ್ಪಲಿಗೆ ಕಾಲು ತೂರಿಸಿದೆ. ಮೂರನೆಯ ಸಲ ಅತ್ತೆ ಫೋನನ್ನು ಬಾಯಿಯ ಹತ್ತಿರ ಹಿಡಿದು ಹೇಳಿದರು.

"ಆಲೋ! ಯಾರು?" ಮಾವನ ಗಂಟಲು ಮನೆಯೆಲ್ಲ ತುಂಬಿತು.

"ನಾನು."

"ಏನಾಯ್ತಮ್ಮಿ?"

"ನಮ್ಗೇನಾಯ್ತದೆ? ನಿಮ್ಗೇನಾಯ್ತು? ಯಾಕ್ ಎತ್ನಿಲ್ಲ?"

"ಕೈಯೆಲ್ಲ ಕೆಸ್ರು. ನಾಲೆಗೋಗಿ ತೊಳ್ಕಂಡ್ ಬಂದೆ."

"ಕೆಸ್ರಾದ್ರೆ ಆಯ್ತದೆ ಫೋನು! ಒರುಸ್ಕಬೌದು. ಮೊದ್ಲು ಎತ್ತಿ!"

ಫೋನಿನಲ್ಲಿ ಏನು ಮಾತಾಡಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಆಮೇಲೆ ಅತ್ತೆ ದನಿ ಇಳಿಸಿ, "ನೀರ್ ಬಂತಾ?" ಎಂದರು. ಬಂತು, ಮೇಲಿನ ಗದ್ದೆ ತುಂಬಿತು, ಕೆಳಗಿನದಕ್ಕೆ ತಿರುಗಿಸಿದ್ದೇನೆ ಎಂದರು ಮಾವ. ಏಡಿ ಬದು ತೂತು ಮಾಡಿದೆಯಂತೆ. ಮಣ್ಣು ಮೆತ್ತಿದ್ದಾರಂತೆ. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಅವರ ಮಾತು ಸಾಗಿಯೇ ಇತ್ತು.

ಸಂಜೆ ನನ್ನ ಗಂಡ ಬಸ್ಸಿಳಿದು ಬಂದವರೇ ಕೇಳಿದರು: "ಎತ್ತುದ್ನಾ ಅಪ್ಪ?"

ಎತ್ತಿದರು ಎಂದು ನಾನು ಹೇಳಿ ಮುಗಿಸುತ್ತಿದ್ದೆ. ಅಷ್ಟರಲ್ಲಿ ಅತ್ತೆ, "ಮೂರ್ನೇ ಸಲುಕ್ ಎತ್ತುದ್ರು ಕಣ್ಲಾ. ಸುಳ್ಯಾಕ್ ಏಳ್ಲಿ?" ಎಂದರು.

ಗಂಡನ ಹುಬ್ಬು ಗಂಟಾಯಿತು. ಮಾವ ಮಗನ ಮುಖ ನೋಡದೆ ಅಂಗಳದ ಕಡೆ ನೋಡುತ್ತಿದ್ದರು. ಅತ್ತೆಯೇ ಮುಂದುವರಿಸಿದರು: "ನೋಡ್ಲಾ, ಎತ್ನಿಲ್ಲ ಅಂದಾಗ ನಾನೇನ್ ಅಳ್ತಾ ಕೂತಿರ್ನಿಲ್ಲ. ಇನ್ನೊಂದ್ ಕಿತ ಮಾಡ್ದೆ, ಇವ್ಳು ಚಪ್ಲಿ ಮೆಟ್ಕಂಡ್ಲು. ಇನ್ನೇನ್ ಬೇಕು ನಿಂಗೆ? ನಾಳಿಂದ ಅವ್ರು ಕೆಸ್ರಾದ್ರೂ ಎತ್ತಾರೆ. ಏನಿ, ಎತ್ತೀರಲ್ಲ?"

"ಎತ್ತೀನಿ" ಎಂದರು ಮಾವ, ಶಾಲೆಯ ಮಗುವಿನ ಹಾಗೆ.

ಗಂಡ ಕೈಕಾಲು ತೊಳೆದು ಬಂದು, ವಾರಕ್ಕೆ ಕೇಳಿದ್ದ ಪಾಲಹಳ್ಳಿಯವರಿಗೆ ಅಲ್ಲೇ ನಿಂತು ಫೋನು ಮಾಡಿದರು. "ಈ ಬೆಳೆಗೆ ಬ್ಯಾಡ ಕಣಣ್ಣ. ಅಪ್ಪನೇ ನೋಡ್ಕತಾವ್ರೆ" ಎಂದರು. ಮಾವ ಕೇಳಿಸದವರಂತೆ ಎದ್ದು ಹೋಗಿ ಗುದ್ದಲಿಯ ಕಾವು ಅಲುಗಾಡಿಸಿ ನೋಡಿದರು.

ರಾತ್ರಿ ಮುದ್ದೆ, ಮಾವ ಬದುವಿನಿಂದ ಕಿತ್ತು ತಂದ ಹೊನಗೊನೆ ಸೊಪ್ಪಿನ ಬಸ್ಸಾರು, ಸೊಪ್ಪಿನ ಪಲ್ಯ. ಮಾವ ಒಂದು ಮುದ್ದೆ ಮುಗಿಸಿ ಇನ್ನರ್ಧ ಹಾಕಿಸಿಕೊಂಡರು. ಮಗಳು ಮುದ್ದೆ ಬಿಟ್ಟು ಅನ್ನ ಉಂಡಳು. ಅತ್ತೆ ಧಾರಾವಾಹಿ ಮುಗಿಯುವವರೆಗೆ ಎದ್ದಿದ್ದರು. ಎಲ್ಲರಿಗಿಂತ ಮೊದಲು ಮಲಗಿದವರು ಮಾವ, ಚಾಪೆಗೆ ತಲೆ ಕೊಟ್ಟ ತಕ್ಷಣ.