ದೊಡ್ಡಕ್ಕನ ಸಾಲು

ಹೊಲಿಗೆ ಕಾರ್ಖಾನೆಯ ಮೇಲ್ವಿಚಾರಕಿಯನ್ನು ಎಲ್ಲರೂ ಕರೆಯುವುದು ದೊಡ್ಡಕ್ಕ ಎಂದೇ. ಯಾರ ಸೊಂಟ ಹಿಡಿದಿದೆ, ಯಾರ ಕಣ್ಣು ಮಂಜಾಗಿದೆ, ಯಾರ ಮಗು ಇನ್ನೂ ಹಾಲು ಬಿಟ್ಟಿಲ್ಲ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಸೊಂಟದವಳಿಗೆ ದಿಂಬು ತರುತ್ತಾಳೆ, ಕಣ್ಣಿನವಳನ್ನು ಕಿಟಕಿಯ ಬಳಿ ಕೂರಿಸುತ್ತಾಳೆ, ಎಳೆಮಗುವಿನ ತಾಯಿಯನ್ನು ಅರ್ಧ ಗಂಟೆ ಮೊದಲೇ ಮನೆಗಟ್ಟುತ್ತಾಳೆ. "ಇದೇನ್ರೀ, ಕಾರ್ಖಾನೆನೋ ನಿಮ್ಮ ತವರುಮನೆನೋ?" ಎಂದು ಮ್ಯಾನೇಜರ್ ರೇಗಿದರೆ, "ಒಂದೇ ಅಳತೆ ಅಂಗಿ ಎಲ್ಲರಿಗೂ ಆಗುತ್ತಾ ಸಾರ್?" ಎನ್ನುತ್ತಾಳೆ, ಜಪ್ಪಯ್ಯ ಎಂದರೂ ಬಗ್ಗುವುದಿಲ್ಲ. ತನಗಾಗಿ ಮಾತ್ರ ಎಂದೂ ಏನನ್ನೂ ಕೇಳಿದವಳಲ್ಲ. ಮೊನ್ನೆ ಗಂಟಲಿನ ಆಪರೇಷನ್ ಮುಗಿಸಿ ಕೆಲಸಕ್ಕೆ ಬಂದಾಗ ಅವಳ ದನಿ ಪಿಸುಮಾತಿಗಿಂತ ಮೇಲೇಳಲಿಲ್ಲ. ಆದರೂ ಹಟ ಬಿಡದೆ ಎಲ್ಲರ ಮುಂದೆ ನಿಂತು ಬಾಯಿ ತೆರೆದಳು. ಮೂವತ್ತು ಮಿಷನ್ನುಗಳೂ ಒಟ್ಟಿಗೆ ಸದ್ದಡಗಿದವು. "ಹೇಳಕ್ಕಾ, ಕೇಳಿಸ್ತಿದೆ," ಎಂದಳು ಎಲ್ಲರಿಗಿಂತ ಹಿಂದೆ ಕೂತವಳು.