ದೇವರನ್ನು ಕೇಳುವ ಬಟ್ಟಲು

ಬೇಕರಿಯವನಿಗೆ ಆ ಬೀದಿಯ ಜನ ಇಟ್ಟ ಹೆಸರು ಸಾಕ್ಷಿ. ವಾರಕ್ಕೊಮ್ಮೆ ನಡೆಯುವ ಪ್ರಾರ್ಥನಾ ಕೂಟದಲ್ಲಿ, ಈ ವಾರ ದೇವರು ಮಾಡಿದ ಉಪಕಾರವನ್ನು ಯಾರಾದರೂ ಹೇಳಿಕೊಳ್ಳುತ್ತೀರಾ ಎಂದು ಹಿರಿಯರು ಬಾಯಿ ತೆರೆಯುವಷ್ಟರಲ್ಲಿ ಅವನು ಎದ್ದು ನಿಂತು ಅಂಗಿ ಸರಿಮಾಡಿಕೊಳ್ಳುತ್ತಿರುತ್ತಿದ್ದ. ಹಲ್ಲುನೋವು ನಿಂತರೂ ಸಾಕ್ಷಿ, ಸೈಕಲ್ ಪಂಕ್ಚರ್ ಆಗದಿದ್ದರೂ ಸಾಕ್ಷಿ. ಕೊನೆಗೆ ಕಣ್ಣೊರೆಸಿಕೊಂಡು, "ದೇವರು ನಂಬಿದವರ ಕೈ ಬಿಡಲ್ಲ" ಎಂದು ಕೂತುಕೊಳ್ಳುವನು. ಹಿಂದಿನ ಸಾಲಿನಲ್ಲಿ ಕೂತ ಅವನ ಹೆಂಡತಿ ಆಗ ತನ್ನ ಉಗುರಿನ ಸಂದಿಯಲ್ಲಿ ಒಣಗಿದ ಹಿಟ್ಟನ್ನು ಕೆರೆದು ತೆಗೆಯುತ್ತಿರುತ್ತಿದ್ದಳು. ತಲೆ ಎತ್ತಿದರೆ ಎಲ್ಲಿ ನಕ್ಕುಬಿಡುತ್ತೇನೋ ಎಂಬ ಭಯ ಅವಳಿಗೆ.

ನಗುವುದಕ್ಕೆ ಅವಳಿಗೆ ಕಾರಣವಿತ್ತು. ಆ ಮನೆಯಲ್ಲಿ ಒಂದು ಪಿಂಗಾಣಿ ಬಟ್ಟಲಿತ್ತು. ಅಂಚಿನ ಬಿಳುಪು ಅಲ್ಲಲ್ಲಿ ಎದ್ದುಹೋಗಿ ಒಳಗಿನ ಕಪ್ಪು ತಗಡು ಕಾಣುವಷ್ಟು ಹಳೆಯದು. ಮಾವನ ಕಾಲದಿಂದ ಬಂದ ಪದ್ಧತಿ ಹೀಗೆ: ಮನೆಯಲ್ಲಿ ಏನಾದರೂ ನಿರ್ಧಾರ ಮಾಡಬೇಕಾದರೆ, ತೊಟ್ಟಿಯಲ್ಲಿ ನಾದಿದ ಹಿಟ್ಟಿನಿಂದ ಒಂದು ಹಿಡಿ ತೆಗೆದು ಆ ಬಟ್ಟಲಿಗೆ ಹಾಕಬೇಕು. ಅದರ ಮೇಲೆ ಬಾಗಿ ಕೇಳಬೇಕಾದ್ದನ್ನು ಕೇಳಿ, ಬಟ್ಟೆ ಮುಚ್ಚಿಡಬೇಕು. ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದಿರುವಾಗ ಹಿಟ್ಟು ಉಬ್ಬಿ ಅಂಚು ಮುಟ್ಟಿದರೆ ದೇವರು ಹೂಂ ಎಂದ ಹಾಗೆ. ತಳದಲ್ಲೇ ಕೂತರೆ ಊಹೂಂ.

ಕೇಳಿ ಮುಚ್ಚಿಟ್ಟು ಗಂಡ ಊಟ ಮಾಡಿ ಮಲಗುವನು. ಅವನು ಮಲಗಿರುವಾಗ ಬಟ್ಟಲಿಗೆ ಕಾಲು ಬರುತ್ತಿತ್ತು.

ಮದುವೆಯಾದ ಹೊಸದರಲ್ಲಿ ಅವಳು ಮಾಡಿದ್ದು ಬರೀ ಅಚಾತುರ್ಯ. ಕಸ ಗುಡಿಸಲು ಅಡ್ಡವಾಯಿತೆಂದು ಬಟ್ಟಲನ್ನು ಎತ್ತಿ ಒಲೆಯ ಪಕ್ಕದ ಗೂಡಿನಲ್ಲಿಟ್ಟಳು. ಇಟ್ಟಿಗೆಯ ದೊಡ್ಡ ಒಲೆ. ಬೆಂಕಿ ಆರಿಸಿದ ಮೇಲೂ ಆ ಗೂಡು ಸಂಜೆಯತನಕ ಬೆಚ್ಚಗಿರುತ್ತದೆ. ಹಿಟ್ಟು ಉಬ್ಬಿ ಬಟ್ಟೆಯನ್ನೇ ಎತ್ತಿತ್ತು. ಗಂಡ ಅದನ್ನು ನೋಡಿ ಅತ್ತುಬಿಟ್ಟ. ಅವಳಿಗೆ ಅಂದೇ ಎರಡು ವಿಷಯ ತಿಳಿದವು: ಬಿಸಿ ತಗುಲಿದರೆ ಹಿಟ್ಟು ಉಬ್ಬುತ್ತದೆ, ಹಿಟ್ಟು ಉಬ್ಬಿದರೆ ಗಂಡ ಕರಗುತ್ತಾನೆ.

ಆಮೇಲಿನದೆಲ್ಲ ಅಚಾತುರ್ಯವಲ್ಲ. ಗಂಡನ ಗೆಳೆಯನೊಬ್ಬ ಬಂದು, ಬೇಕರಿ ಮಾರು, ಇಬ್ಬರೂ ಸೇರಿ ಐಸ್ ಫ್ಯಾಕ್ಟರಿ ಹಾಕೋಣ ಎಂದ ದಿನ ಬಟ್ಟಲು ನೀರಿನ ತೊಟ್ಟಿಯ ಪಕ್ಕದ ಕಲ್ಲಿನ ಮೇಲೆ ಕೂತಿತ್ತು. ಹಿಟ್ಟು ಅಲ್ಲಾಡಲಿಲ್ಲ. ಐಸಿನವನು ಒಂದು ಬೇಸಿಗೆಯಲ್ಲೇ ಕರಗಿಹೋದ. ಕೂಟದಲ್ಲಿ ಎರಡು ವಾರ ಅದೇ ಸಾಕ್ಷಿ. ಮಗಳು ನರ್ಸಿಂಗ್ ಓದಲು ಹೊರಟಾಗ ಬಟ್ಟಲು ಒಲೆಯ ಗೂಡಿನಲ್ಲಿತ್ತು. ಹಿಟ್ಟು ಉಕ್ಕಿ ಗೂಡಿನ ತುಂಬ ಹರಿದಿತ್ತು. "ಇಷ್ಟು ದೊಡ್ಡ ಹೂಂ ಯಾರಿಗೂ ಸಿಕ್ಕಿರಲ್ಲ ಕಣೇ" ಎಂದಿದ್ದ ಅವನು.

ಅವಳ ಲೆಕ್ಕಾಚಾರವೂ ಒಮ್ಮೆ ತಪ್ಪಿತ್ತು. ಪಕ್ಕದ ಮಳಿಗೆ ಬಾಡಿಗೆಗೆ ಬಂದಾಗ ಬೇಡವೆಂದು ಅವಳು ಬಟ್ಟಲನ್ನು ತಣ್ಣಗಿಟ್ಟಳು. ಮಳಿಗೆ ಇನ್ನೊಬ್ಬನ ಪಾಲಾಯಿತು, ಅವನೂ ಬೇಕರಿಯನ್ನೇ ಹಾಕಿದ. ಆಗ ಮಾತ್ರ ಸಾಕ್ಷಿ ದೇವರ ಹೆಸರೆತ್ತಲಿಲ್ಲ. "ನೀನು ಕೊಟ್ಟ ಬಟ್ಟೆ ಒದ್ದೆ ಇತ್ತು ಅನ್ಸುತ್ತೆ" ಎಂದ. ಒಳ್ಳೆಯದಾದರೆ ದೇವರು, ಕೆಟ್ಟರೆ ಒದ್ದೆ ಬಟ್ಟೆ. ಆ ಮನೆಯ ಭಕ್ತಿ ಅಷ್ಟೇ ಉದ್ದ, ಅಷ್ಟೇ ಅಗಲ.

ಆದರೂ ಅವಳು ಬಟ್ಟಲು ಎತ್ತುವಾಗ ಪ್ರತಿ ಸಲವೂ ಒಂದು ಮಾತು ಹೇಳಿಕೊಳ್ಳುತ್ತಿದ್ದಳು: "ತಪ್ಪಾದ್ರೆ ನೀನೇ ತಡಿಯಪ್ಪ." ಅದು ಪ್ರಾರ್ಥನೆಯೋ ಹೆದರಿಕೆಯೋ ಅವಳಿಗೆ ಗೊತ್ತಿರಲಿಲ್ಲ.

ಒಲೆಯ ಗೋಡೆಗೆ ಅಂಟಿಕೊಂಡು ಒಂದು ಕೋಣೆ. ಅತ್ತೆಯ ಮಂಚ ಅಲ್ಲಿ. ಗೋಡೆಯ ಶಾಖ ಮೊಣಕಾಲಿಗೆ ಹಿತವೆಂದು ಮುದುಕಿ ಬೆನ್ನು, ಕಾಲು ಎರಡನ್ನೂ ಗೋಡೆಗೇ ಒತ್ತಿಕೊಂಡು ಮಲಗುವಳು. ನಡೆಯಲು ಆಗದು, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ಒಲೆಯಿಂದ ಬರುವ ವಾಸನೆ ಹಿಡಿದೇ, "ಏನೇ, ಬನ್ನು ಸೀಯ್ತಾ ಇದೆ, ಮೂಗು ಬಾಡಿಗೆಗೆ ಕೊಟ್ಟಿದ್ದೀಯಾ?" ಎಂದು ಕೂಗುವಳು. ಸೊಸೆ, "ಬಂದೆ ಅತ್ತೆ, ನಿಮ್ಮ ಮೂಗೊಂದಿದ್ರೆ ನನಗ್ಯಾಕೆ ಬೇಕು?" ಎನ್ನುವಳು. ಆ ಮನೆಯಲ್ಲಿ ಮನಸ್ಸಿನಲ್ಲಿರುವುದನ್ನು ಬಾಯಲ್ಲಿ ಆಡುತ್ತಿದ್ದವರು ಅವರಿಬ್ಬರೇ.

ಸಾಕ್ಷಿಗೆ ಈಗ ಕರೆಂಟಿನ ಒಲೆ ಬೇಕಾಗಿತ್ತು. ಅದನ್ನಿಡಲು ಅಮ್ಮನ ಕೋಣೆ ಬೇಕು. ಅಮ್ಮನನ್ನು ತಂಗಿಯ ಮನೆಗೆ ಕಳಿಸಿದರೆ ಆಯಿತು. ತಂಗಿಯ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಅವಳು ಬೆಳಗ್ಗೆ ಬೀಗ ಹಾಕಿ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಹೊತ್ತುಕೊಂಡು ಹತ್ತಿಸಿದ ಮುದುಕಿಯನ್ನು ಮತ್ತೆ ಇಳಿಸುವುದೂ ಹೊತ್ತುಕೊಂಡೇ, ಅದೂ ಒಂದೇ ಸಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾರೂ ಆಡಲಿಲ್ಲ.

ತಂಗಿ ರಜೆಯ ದಿನ ಬಂದಿದ್ದಳು. "ನಾನು ಬೇಡ ಅಂದಿಲ್ಲ ಅತ್ತಿಗೆ. ಬಾ ಅಂತಾನೂ ಅಂದಿಲ್ಲ. ದೇವರು ಹೇಗೆ ಹೇಳ್ತಾನೋ ಹಾಗೆ" ಎಂದಳು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅಣ್ಣನಿಗೆ ತಕ್ಕ ತಂಗಿ.

ಸಾಕ್ಷಿ ಬಟ್ಟಲಿಗೆ ಹಿಟ್ಟು ಹಾಕಿ, ಅಮ್ಮನನ್ನು ಕಳಿಸಲೇ ಎಂದು ಪಿಸುಗುಟ್ಟಿ, ಬಟ್ಟೆ ಮುಚ್ಚಿ ಹೋಗಿ ಮಲಗಿದ. ಹೆಂಡತಿ ಒಂದು ಗಳಿಗೆ ಕಾದು ಬಟ್ಟಲನ್ನು ಎತ್ತಿ ಕಿಟಕಿಯ ಕಲ್ಲುಕಟ್ಟೆಯ ಮೇಲಿಟ್ಟಳು. ಚಳಿಗಾಲ, ಕಲ್ಲು ಕೈ ಕೊರೆಯುತ್ತಿತ್ತು. "ತಪ್ಪಾದ್ರೆ ನೀನೇ ತಡಿಯಪ್ಪ" ಎಂದು ಹಿತ್ತಲಿಗೆ ಟ್ರೇಗಳನ್ನು ಉಜ್ಜಲು ಹೋದಳು.

ಒಳಗೆ ಬಂದಾಗ ಬಟ್ಟಲು ಇಟ್ಟಲ್ಲೇ ಇತ್ತು. ಹಿಟ್ಟು ಮಾತ್ರ ಅಂಚು ದಾಟಿ ಹೊಟ್ಟೆ ಬಿಟ್ಟುಕೊಂಡು ಕೂತಿತ್ತು.

ತಡಿ ಎಂದಿದ್ದಕ್ಕೆ ದೇವರು ನಿಜವಾಗಿಯೂ ತಡೆದನೇ? ಇಷ್ಟು ವರ್ಷ ಅವನ ಹೆಸರಿನಲ್ಲಿ ಆಡಿದ ಆಟಕ್ಕೆ ಇದು ಉತ್ತರವೇ? ಅವಳು ಬಟ್ಟಲನ್ನು ಎತ್ತಿದಳು. ತಳ ಬೆಚ್ಚಗಿತ್ತು. ಕಲ್ಲಿನ ಮೇಲೆ ಬೂದಿಯ ದುಂಡು ಗುರುತು ಮೂಡಿತ್ತು.

ಕಿಟಕಿಯ ಕಟ್ಟೆಗೆ ಬೂದಿ ಎಲ್ಲಿಂದ ಬರಬೇಕು? ಬೂದಿ ಇರುವುದು ಒಲೆಯ ಗೂಡಿನಲ್ಲಿ. ಅಲ್ಲಿಂದ ತರುವ ಪಾತ್ರೆಯ ತಳ ಒರೆಸಬೇಕೆಂದು ಹೆಂಗಸರಿಗೆ ಗೊತ್ತು. ಆ ಮನೆಯ ಗಂಡಸು ಹುಟ್ಟಿದಂದಿನಿಂದ ಒಂದು ಪಾತ್ರೆಯ ತಳ ಒರೆಸಿದವನಲ್ಲ.

ಅಂದರೆ ಅವನಿಗೆ ಗೊತ್ತಿತ್ತು. ಇವತ್ತಲ್ಲ, ಮೊದಲಿನಿಂದಲೂ. ಬಿಸಿಯ ಗುಟ್ಟು ಗೊತ್ತಿಲ್ಲದೆ ಯಾವ ಬೇಕರಿಯವನು ಇರುತ್ತಾನೆ? ಹೆಂಡತಿ ಬಟ್ಟಲು ಹೊರುತ್ತಾಳೆಂದು ಗೊತ್ತಿದ್ದೇ ಅವನು ಗೊರಕೆ ಹೊಡೆದಿದ್ದ. ಐಸ್ ಫ್ಯಾಕ್ಟರಿ, ಮಳಿಗೆ, ಮಗಳ ಓದು ಎಲ್ಲದರ ಭಾರವನ್ನೂ ಅವಳ ಕೈಗೆ ದಾಟಿಸಿ, ಕಣ್ಣೀರನ್ನು ಮಾತ್ರ ಕೂಟಕ್ಕೆ ಕೊಂಡೊಯ್ದಿದ್ದ. ಇವತ್ತು ಅವನ ಸ್ವಂತ ಆಸೆಯ ಮಾತು ಬಂತು, ಅದಕ್ಕೇ ಎದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಬಟ್ಟಲನ್ನು ಒಲೆಗೂಡಿಗೆ ಒಯ್ದು ಹಿಟ್ಟು ಉಬ್ಬಿಸಿ ಮತ್ತೆ ಕಟ್ಟೆಯ ಮೇಲಿಟ್ಟು ಹೋಗಿ ಮಲಗಿದ್ದಾನೆ. ಅವಳಿಗೆ ಸಿಟ್ಟಿಗಿಂತ ಮೊದಲು ಬಂದದ್ದು ಹೇಸಿಗೆ. ಕೂಡಿ ಬದುಕಿದ ಇಷ್ಟು ವರ್ಷದಲ್ಲಿ ಅವನನ್ನು ದಡ್ಡನೆಂದು ಸಹಿಸಿಕೊಂಡಿದ್ದಳು. ದಡ್ಡನೂ ಅಲ್ಲ ಎಂದ ಮೇಲೆ ಸಹಿಸುವುದಾದರೂ ಯಾವುದಕ್ಕೆ?

ಅಷ್ಟರಲ್ಲಿ ಅವನು ಕಣ್ಣುಜ್ಜಿಕೊಂಡು ಬಂದ. ಬಟ್ಟಲು ನೋಡಿ ಹುಬ್ಬೇರಿಸಿದ.

"ನೋಡಿದ್ಯೇನೇ? ದೇವರ ಚಿತ್ತ. ನಾವೇನು ಮಾಡಕ್ಕಾಗುತ್ತೆ?"

"ಏನೂ ಮಾಡಕ್ಕಾಗಲ್ಲ ರೀ" ಎಂದಳು ಅವಳು. "ನಡೀರಿ, ಅಮ್ಮನಿಗೂ ತೋರಿಸಿ."

ಕೋಣೆಯಲ್ಲಿ ತಂಗಿ ಮಂಚದ ತುದಿಯಲ್ಲಿ ಕೂತಿದ್ದಳು. ಸಾಕ್ಷಿ ಬಟ್ಟಲು ಹಿಡಿದು ನಿಂತು ಕೂಟದ ದನಿಯಲ್ಲಿ ಶುರುಮಾಡಿದ. "ಅಮ್ಮ, ನನಗೇನು ಕಳಿಸೋ ಮನಸ್ಸಿಲ್ಲ. ಆದ್ರೆ ದೇವರೇ..."

"ಅತ್ತೆ," ಎಂದಳು ಸೊಸೆ ನಡುವೆ, "ನಾನು ಬಟ್ಟಲನ್ನ ಕಿಟಕಿ ಹತ್ರ ಇಟ್ಟಿದ್ದೆ. ಈಗ ಅದರ ತಳಕ್ಕೆ ಒಲೆಗೂಡಿನ ಬೂದಿ ಮೆತ್ತಿದೆ."

ಇಷ್ಟು ವರ್ಷ ಬಚ್ಚಿಟ್ಟ ಗುಟ್ಟು ಅಷ್ಟೇ ಮಾತಿನಲ್ಲಿ ಮುಗಿಯಿತು. ಸಾಕ್ಷಿಯ ಕಿವಿ ಕೆಂಪಾಯಿತು. ಮುದುಕಿ ಮಗನನ್ನೂ ಸೊಸೆಯನ್ನೂ ಒಮ್ಮೆ ನೋಡಿದಳು. ಕೈ ಚಾಚಿದಳು.

"ಕೊಡು ಇಲ್ಲಿ. ದೇವರು ಏನಂದ ಅಂತ ನಾನೂ ನೋಡ್ತೀನಿ."

ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡಳು. ಬೆರಳಿನಿಂದ ಹಿಟ್ಟನ್ನು ತಟ್ಟಿದಳು, ಸದ್ದು ಕೇಳಿದಳು. ಒಂದು ಕಾಲದಲ್ಲಿ ಆ ಬೀದಿಗೆಲ್ಲ ಹಿಟ್ಟು ನಾದಿದ ಕೈ ಅದು. ಮುಷ್ಟಿ ಕಟ್ಟಿ ಹಿಟ್ಟಿನ ನಡುವೆ ಒಂದು ಗುದ್ದು ಗುದ್ದಿದಳು. ಹಿಟ್ಟು ಬುಸ್ಸೆಂದು ತಳಕ್ಕೆ ಕುಸಿಯಿತು.

"ಇಳೀತು ನೋಡು. ದೇವರು ಮನಸ್ಸು ಬದಲಾಯಿಸಿದ."

ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಮ್ಮ, ಅದು ನೀನು ಮಾಡಿದ್ದು!" ಎಂದ ಸಾಕ್ಷಿ.

"ಹೂಂ, ನಾನೇ ಮಾಡಿದ್ದು. ನನಗೆ ಈ ಮನೇಲಿರಬೇಕು, ಅದಕ್ಕೆ ಮಾಡ್ದೆ. ಬಾಯಿ ಬಿಟ್ಟು ಹೇಳ್ದೆ ನೋಡು, ನಾಲಿಗೆ ಬಿದ್ದುಹೋಗ್ಲಿಲ್ಲ. ಈಗ ನೀನು ಹೇಳು. ದೇವರನ್ನ ಆಚೆ ಕೂರಿಸು, ಅವನಿಗೂ ಸ್ವಲ್ಪ ಕೆಲಸ ಇರುತ್ತೆ. 'ಅಮ್ಮ, ನನಗೆ ಒಲೆ ಬೇಕು, ನೀನು ಬೇಡ' ಅನ್ನು. ಅಂದ್ರೆ ಈಗಲೇ ಹೊರಡ್ತೀನಿ. ಎತ್ತಿಕೊಂಡು ಹೋಗು."

ಸಾಕ್ಷಿ ಬಾಯಿ ತೆರೆದ. ವಾರ ವಾರ ಕೂಟದಲ್ಲಿ ಹೊಳೆಯಂತೆ ಹರಿಯುತ್ತಿದ್ದ ಬಾಯಿ. ಹೆಂಡತಿ ಅದನ್ನೇ ನೋಡುತ್ತಿದ್ದಳು. ಹೇಳಿಬಿಟ್ಟರೆ ಮುದುಕಿ ಹೋಗುವವಳೇ. ಆ ಹಟದವಳು ಆಡಿದ ಮಾತಿಗೆ ತಪ್ಪುವುದಿಲ್ಲ. ಅವನು ತಂಗಿಯ ಕಡೆ ನೋಡಿದ. ತಂಗಿ ಗೋಡೆ ನೋಡಿದಳು.

"ನಾನು... ಅಂಗಡಿ ತೆಗೆಯೋ ಹೊತ್ತಾಯ್ತು" ಎಂದ.

"ಹೋಗು," ಎಂದಳು ಮುದುಕಿ, "ಹೊತ್ತು ಮೀರಿದ್ರೆ ಅದಕ್ಕೂ ದೇವರನ್ನೇ ಹಿಡ್ಕೋತೀಯ."

ತಂಗಿಯೂ ಬಸ್ಸಿನ ನೆಪ ಹೇಳಿ ಎದ್ದಳು. ಹೋಗುವಾಗ ಅವಳ ಮುಖದಲ್ಲಿ ಸದ್ಯ ಬದುಕಿಕೊಂಡೆ ಎಂಬ ನಿರಾಳವಿತ್ತು.

ಇಬ್ಬರೇ ಉಳಿದರು. ಸೊಸೆ ಬಟ್ಟಲಿಗೆ ಕೈ ಹಾಕಿದಾಗ ಮುದುಕಿ ಬಿಡಲಿಲ್ಲ.

"ನೀನು ಎತ್ತಿಡ್ತಿದ್ದೆ ಅಂತ ಗೊತ್ತಿತ್ತು ಕಣೇ. ನಿಮ್ಮ ಮಾವನ ಕಾಲದಲ್ಲಿ ಇದನ್ನ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಹೊತ್ತೇ ನನ್ನ ಮೊಣಕಾಲು ಹೋಗಿದ್ದು. ಈ ಮನೆ ದೇವರಿಗೆ ಯಾವತ್ತೂ ಹೆಂಗಸರ ಕಾಲೇ."

ಸೊಸೆಗೆ ನಗು ಬಂತು, ಹಿಂದೆಯೇ ಅಳುವೂ ಬಂತು. "ಹಾಗಾದ್ರೆ ಅತ್ತೆ, ದೇವರು ಎಲ್ಲಿದ್ದ? ನಾನು ಪ್ರತಿ ಸಲ ಕೇಳ್ಕೋತಿದ್ದೆ, ತಪ್ಪಾದ್ರೆ ತಡಿ ಅಂತ. ಒಂದು ಸಲಾನೂ ತಡೀಲಿಲ್ಲ."

ಮುದುಕಿ ಗೋಡೆಗೆ ಬೆನ್ನು ಒತ್ತಿಕೊಂಡಳು.

"ಬಟ್ಟಲಲ್ಲಿ ಒಂದು ಹಿಡಿ ಹಿಟ್ಟು. ಮಿಕ್ಕಿದ್ದು ತೊಟ್ಟೀಲಿ, ಅಲ್ವಾ? ನಾನು ಇದನ್ನ ಎಲ್ಲಿಟ್ರೂ ತೊಟ್ಟಿ ಹಿಟ್ಟು ದಿನಾ ಉಬ್ತಿತ್ತು. ನಿಮ್ಮ ಮಾವ ಸತ್ತ ಮಾರನೇ ದಿನಾನೂ ಉಬ್ತು. ನೀನು ಹಡೆದು ಮಲಗಿದಾಗ ನಾನೇ ನಾದ್ದೆ, ಆಗಲೂ ಉಬ್ತು. ಅದಕ್ಕೆ ಯಾರೂ ಸಾಕ್ಷಿ ಹೇಳ್ಲಿಲ್ಲ. ಗಂಡಸರು ಅವನನ್ನ ಬಟ್ಟಲಲ್ಲಿ ಹುಡುಕ್ತಾರೆ, ತೊಟ್ಟೀಲಿರೋನನ್ನ." ಆಮೇಲೆ, ಇಷ್ಟು ಒಳ್ಳೆಯ ಮಾತಾಡಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದವಳಂತೆ, "ಏನು ಬಾಯಿ ಬಿಟ್ಕೊಂಡು ನಿಂತೆ? ಸಂಜೆ ಬನ್ನಿಗೆ ಉಂಡೆ ಕಟ್ಟೋರ್ಯಾರು?" ಎಂದಳು.

ಮುಂದಿನ ಕೂಟದಲ್ಲಿ ಸಾಕ್ಷಿ ಎಂದಿನಂತೆ ಎದ್ದು ಅಂಗಿ ಸರಿಮಾಡಿಕೊಂಡ. ಹೆತ್ತ ತಾಯಿಯನ್ನು ದೂರ ಕಳಿಸುವ ಕೆಟ್ಟ ಮನಸ್ಸಿನ ಶೋಧನೆ ಬಂದಿತ್ತೆಂದೂ, ದೇವರು ತನ್ನ ಕೈ ಹಿಡಿದು ತಡೆದನೆಂದೂ ಹೇಳಿ ಕಣ್ಣೊರೆಸಿಕೊಂಡ. ಕೆಲವರು ತಲೆದೂಗಿದರು. ಒಬ್ಬರು, ಇಂಥ ಮಗನನ್ನು ಹೆತ್ತ ತಾಯಿ ಪುಣ್ಯವಂತೆ ಎಂದರು.

ಹಿಂದಿನ ಸಾಲಿನಲ್ಲಿದ್ದ ಹೆಂಡತಿ ಈ ಸಲ ಉಗುರು ಕೆರೆಯಲಿಲ್ಲ. ತಲೆ ಎತ್ತಿ ಅವನನ್ನು ನೇರವಾಗಿ ನೋಡಿದಳು. ಇಂಥ ಸಾಕ್ಷಿಗಳನ್ನು ವಾರ ವಾರ ಕೇಳಿಸಿಕೊಂಡೂ, ಮಾರನೇ ದಿನ ಇದೇ ಮನುಷ್ಯನ ತೊಟ್ಟಿಯ ಹಿಟ್ಟನ್ನು ಉಬ್ಬಿಸಿಕೊಡುವವನು ದೇವರೇ ಇರಬೇಕು ಎನ್ನಿಸಿತು ಅವಳಿಗೆ. ಮನುಷ್ಯನಾಗಿದ್ದರೆ ಎಂದೋ ಬೇಸತ್ತು ಬಾಗಿಲೆಳೆದುಕೊಂಡು ಹೋಗಿರುತ್ತಿದ್ದ. ಅಷ್ಟು ಮಾತ್ರ ಅವಳು ನಿಜವಾಗಿ ನಂಬಿದಳು. ಗಂಡನ ಬಗ್ಗೆ ಇದ್ದ ತಿರಸ್ಕಾರ ಅದರಿಂದ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಕಡಿಮೆಯಾಗಬೇಕೆಂದು ಅವಳಿಗೆ ಅನ್ನಿಸಲೂ ಇಲ್ಲ.

ಸ್ವಲ್ಪ ದಿನ ಬಿಟ್ಟು ಅವನು ಬೇಕರಿಯಲ್ಲಿ ಅತ್ತಿತ್ತ ಹುಡುಕಿದ. "ಏನೇ, ಆ ಬಟ್ಟಲು ಎಲ್ಲಿ? ಕರೆಂಟ್ ಒಲೆನ ಹಿತ್ತಲಲ್ಲಿ ಹಾಕೋದಾ ಅಂತ ಕೇಳ್ಬೇಕಿತ್ತು."

"ಬಟ್ಟಲು ಖಾಲಿ ಇಲ್ಲ ರೀ" ಎಂದಳು ಅವಳು ತೊಟ್ಟಿಯಿಂದ ಕೈ ತೆಗೆಯದೆ. "ಅತ್ತೆ ಅದರಲ್ಲಿ ಹಾಲು ಬ್ರೆಡ್ಡು ತಿಂತಿದ್ದಾರೆ. ನಿಮಗೇನು ಬೇಕು ಅಂತ ನೀವೇ ಹೇಳಿ."

ಅವನು ಬಾಗಿಲಲ್ಲಿ ನಿಂತು ಯೋಚಿಸಿದ. ಒಳಗಿನಿಂದ ಚಮಚ ಬಟ್ಟಲಿಗೆ ತಗುಲುವ ಸದ್ದು ಬರುತ್ತಿತ್ತು. ಅವನು ಇನ್ನೂ ಯೋಚಿಸುತ್ತಲೇ ಇದ್ದಾನೆ.