ಸಿರುಗುಪ್ಪಕ್ಕೆ ಹೋದ ಕುರುಗೋಡಿನ ಕಂಬಳಿ

ಬುಧವಾರ ಬೆಳಿಗ್ಗೆ ಬಳ್ಳಾರಿ ಬಸ್ ನಿಲ್ದಾಣದಲ್ಲಿ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ತಿಂದು ಕುರುಗೋಡಿನ ಬಸ್ಸು ಹತ್ತಿದೆ. ಎಪ್ಪತ್ತಾರನೆಯ ಇಸವಿಯ ಕಾರ್ತಿಕ, ಗಾಳಿ ತಣ್ಣಗಿತ್ತು. ಟಿಕೆಟ್ಟು ಒಂದೂವರೆ ರೂಪಾಯಿ. ನೇಕಾರರ ಸಹಕಾರ ಸಂಘದ ಕೆಲಸಕ್ಕೆ ಸೇರಿದ ಮೇಲೆ ನಾನು ಒಬ್ಬಳೇ ಹೊರಟ ಮೊದಲ ಪ್ರಯಾಣ ಇದು.

ಸಿರುಗುಪ್ಪದ ಸರ್ಕಾರಿ ಹಾಸ್ಟೆಲಿಗೆ ನೂರಿಪ್ಪತ್ತು ಕಂಬಳಿ ಬೇಕಿತ್ತು. ಹಿಂದಿನ ವರ್ಷ ಆ ಹಣ ಹೊರ ರಾಜ್ಯದ ಗಿರಣಿಗೆ ಹೋಗಿತ್ತು. ಈ ಸಲ, ಮಾದರಿ ಒಪ್ಪಿಗೆಯಾದರೆ ನಮ್ಮ ನೇಕಾರರಿಂದಲೇ ಕೊಳ್ಳಬಹುದೆಂದು ಅಪ್ಪಣೆಯಾಗಿತ್ತು. ಒಪ್ಪಿಗೆಯಾಗದಿದ್ದರೆ ಮಾದರಿಯನ್ನು ವಾಪಸು ಕೊಟ್ಟು ಗಿರಣಿಗೇ ಬರೆಯುತ್ತಾರೆ. ಗುರುವಾರ ಮಧ್ಯಾಹ್ನದೊಳಗೆ ಆ ಮಾದರಿ ಕಂಬಳಿ ತಲುಪಿಸುವುದು ನನ್ನ ಪಾಲಿನ ಕೆಲಸ.

ಕುರುಗೋಡಿನ ಓಣಿಯ ಒಂಬತ್ತು ಮಗ್ಗಗಳಲ್ಲಿ ನಾಲ್ಕೇ ನಡೆಯುತ್ತಿದ್ದವು. ಉಳಿದವರು ಗುಡ್ಡದಲ್ಲಿ ಕಲ್ಲು ಒಡೆಯುತ್ತಿದ್ದರು. ಮಾದರಿ ನೇಯ್ದ ಕರಿಯಪ್ಪನವರೂ ಆರ್ಡರು ಬರದಿದ್ದರೆ ಸೋಮವಾರದಿಂದ ಅಲ್ಲಿಗೇ ಹೋಗುವವರು. ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿಯನ್ನು ಮುಚ್ಚಲು ಬಡಿಗೇರ ಮನೆಯಿಂದ ಹಲಗೆಯನ್ನೂ ಕೇಳಿ ತಂದಿಟ್ಟಿದ್ದರು.

ಕಂಬಳಿಗೆ ಹುಣಸೆಬೀಜದ ಗಂಜಿ ಹಾಕುವುದು ಅಲ್ಲಿಯ ರೂಢಿ. ಬಿರುಸಾದಷ್ಟೂ ಮಳೆನೀರು ಜಾರುತ್ತದೆ. ಕುರಿ ಕಾಯುವವರು ತಟ್ಟಿ ನೋಡಿಯೇ ಕೊಳ್ಳುತ್ತಾರೆ. ಸರ್ಕಾರದವರು ನೋಡುವಂಥದ್ದೆಂದು ಕರಿಯಪ್ಪನವರು ಎರಡು ಪಟ್ಟು ಗಂಜಿ ಹಾಕಿದ್ದರು. ಮಡಚಿದ ಕಂಬಳಿಯನ್ನು ನಡುಮನೆಯಲ್ಲಿ ನಿಲ್ಲಿಸಿ ಕೈಬಿಟ್ಟರು. ಅದು ನಿಂತೇ ಇತ್ತು.

“ನೋಡ್ರಿ ಅಕ್ಕಾರ, ಇಂಥಾದ್ದು ಗಿರಣ್ಯಾಗ ಆಗ್ತೈತೇನು?”

ಕೆನ್ನೆಗೆ ಒತ್ತಿ ನೋಡಿದೆ, ತರಚಿತು. ಮಕ್ಕಳು ಹೇಗೆ ಮಲಗುತ್ತಾರೆ ಎಂದು ಕೇಳಿದೆ. ಬಾಗಿಲಲ್ಲಿ ಉಣ್ಣೆ ನೂಲುತ್ತಿದ್ದ ಅವರ ಹೆಂಡತಿ ಹನುಮವ್ವ ತಲೆ ಎತ್ತಲಿಲ್ಲ.

“ಹುಡುಗ್ರು ಹೊದ್ಕೊಳ್ಳಾಕ ಕೇಳ್ಯಾರ. ಈತ ಬಾಗಲಾ ಮಾಡಿಟ್ಟಾನ.”

ಇನ್ನೊಂದು ನೇಯಲು ಸಮಯವಿರಲಿಲ್ಲ. ಗಂಜಿ ಹೋದರೆ ಹಳೆಯದೆನ್ನುತ್ತಾರೆ ಎಂದು ಕರಿಯಪ್ಪನವರು ಗೊಣಗುತ್ತಲೇ ಇದ್ದರು. ಹನುಮವ್ವನೂ ನಾನೂ ಕಂಬಳಿಯನ್ನು ಕಾಲುವೆಗೆ ಒಯ್ದು ತುಳಿದೆವು, ಬಡಿದೆವು. ನೀರು ತಿಳಿಯಾಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ಆ ರಾತ್ರಿ ಅವರ ಮನೆಯಲ್ಲೇ ರೊಟ್ಟಿ, ಪುಂಡಿಪಲ್ಯ ಉಂಡು ಮಲಗಿದೆ.

ಗುರುವಾರ ಬೆಳಿಗ್ಗೆಯೂ ಕಂಬಳಿ ಒಣಗಿರಲಿಲ್ಲ. ಒಬ್ಬಳಿಂದ ಹೊರಲಾಗದ ಭಾರ, ಹನುಮವ್ವನೂ ಹೊರಟರು. ಒದ್ದೆ ಉಣ್ಣೆಯ ವಾಸನೆಗೆ ಸಿರುಗುಪ್ಪ ಬಸ್ಸಿನ ಕಂಡಕ್ಟರು ಮೂಗು ಮುಚ್ಚಿ, ಕುರಿಗೆ ಅರ್ಧ ಟಿಕೆಟ್ಟೋ ಪೂರ್ತಿಯೋ ಎಂದು ಕೇಳಿದರು. ಕೊನೆಗೆ ಅವರೇ ಬಸ್ಸಿನ ಮೇಲೆ ಹರವಿ ಕಟ್ಟಿಸಿದರು. ದಾರಿಯುದ್ದಕ್ಕೂ ಭತ್ತದ ಗದ್ದೆ. ಬಸ್ಸು ನಿಂತಲ್ಲೆಲ್ಲ ಹನುಮವ್ವ ಕಿಟಕಿಯಿಂದ ಕತ್ತು ಹಾಕಿ ಮೇಲೆ ನೋಡುತ್ತಿದ್ದರು. ಸಿರುಗುಪ್ಪದಲ್ಲಿ ಇಳಿಸಿದಾಗ ಕಂಬಳಿ ಒಣಗಿ, ಹಗುರಾಗಿ, ಮೆತ್ತಗಾಗಿತ್ತು. ಅಂಟಿದ್ದ ಹುಲ್ಲನ್ನು ನಿಲ್ದಾಣದಲ್ಲೇ ಆರಿಸಿದೆವು.

ಹಾಸ್ಟೆಲಿನ ವಾರ್ಡನ್ನರು ಹಿರಿಯರು. ಕಂಬಳಿಯನ್ನು ಕೈಯಲ್ಲಿ ಹಿಸುಕಿ, ಮೂಸಿ ನೋಡಿದರು.

“ಮೆತ್ತಗೇನೋ ಐತಿ. ಆದ್ರ ಹೊಸಾದಲ್ಲ. ಯಾರೋ ಹೊದ್ದಿದ್ದು ತಂದೀರೇನು?”

ಗಂಜಿ, ಕಾಲುವೆ, ಬಸ್ಸಿನ ಮೇಲ್ಭಾಗ ಎಲ್ಲವನ್ನೂ ಹೇಳಿದೆ. ಅವರು ಅಂಚುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು, ಎಲ್ಲೂ ಸವೆದಿರಲಿಲ್ಲ. ನೂರಿಪ್ಪತ್ತನ್ನೂ ಹೀಗೆಯೇ ತೊಳೆದು ಕೊಡುತ್ತೀರಾ ಎಂದು ಕೇಳಿದರು. ನಾನು ಹೂಂ ಅನ್ನುವಷ್ಟರಲ್ಲಿ ಹನುಮವ್ವ ಬಾಯಿ ಹಾಕಿದರು.

“ಕೊಡ್ತೀವ್ರಿ ಸಾಹೇಬ್ರ. ತೊಳಿಯೋ ಕೂಲಿ ಬ್ಯಾರೆ.”

“ಗಂಜಿ ಹಾಕೋರು ನೀವು, ತೆಗಿಯೋ ಕೂಲಿ ನಾವು ಕೊಡಬೇಕಾ?”

“ಹಾಕೋರು ಗಂಡಸ್ರು, ತೆಗಿಯೋರು ನಾವ್ರಿ.”

ವಾರ್ಡನ್ನರು ನಕ್ಕರು. ಕಂಬಳಿಯೊಂದಕ್ಕೆ ಎಂಟಾಣೆ ತೊಳೆಯುವ ಕೂಲಿ ಸೇರಿಸಿ ಆರ್ಡರಿಗೆ ಸಹಿ ಹಾಕಿ, ಮಾದರಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹೊರಗೆ ಬಂದು ಇಬ್ಬರೂ ಎರಡೆರಡು ಲೋಟ ಚಹಾ ಕುಡಿದೆವು. ಓಣಿಯ ಹೆಂಗಸರಲ್ಲಿ ಯಾರು ಯಾರು ತೊಳೆಯಲು ಬರುವರೆಂದು ಹನುಮವ್ವ ಆಗಲೇ ಹೆಸರು ಹೇಳತೊಡಗಿದ್ದರು.

ಸಂಜೆ ಬಸ್ಸು ಕುರುಗೋಡಿಗೆ ಬಂದಾಗ ಕರಿಯಪ್ಪನವರು ನಿಲ್ದಾಣದ ಕಲ್ಲಿನ ಮೇಲೆ ಕುಳಿತಿದ್ದರು. ಏನಾಯಿತೆಂದು ಕೇಳಲಿಲ್ಲ; ಇಳಿಯುತ್ತಿದ್ದ ಹೆಂಡತಿಯ ಕೈಗಳನ್ನೇ ನೋಡಿದರು. ಕೈಗಳು ಬರಿದಾಗಿದ್ದವು. ಕಿಟಕಿಯ ಬಳಿ ಬಂದು ನನ್ನ ಮುಖ ನೋಡಿದರು. ಹೌದೆಂದು ತಲೆಯಾಡಿಸಿದೆ.

“ಹಂಗಾದ್ರ ಬಡಿಗೇರ ಹಲಗಿ ಕೊಟ್ಟು ಬರ್ತೀನ್ರಿ” ಎಂದರು.

ಬಸ್ಸು ಬಳ್ಳಾರಿಯ ಕಡೆ ತಿರುಗಿತು. ಹಿಂದಿರುಗಿ ನೋಡಿದೆ. ಕರಿಯಪ್ಪನವರು ಬಿರಬಿರನೆ ಓಣಿಯ ಕಡೆ ನಡೆದಿದ್ದರು. ಹಿಂದೆ ಹನುಮವ್ವ, ಎಂಟಾಣೆಯ ಸಂಗತಿಯನ್ನು ಅವರ ಬೆನ್ನಿಗೆ ಹೇಳುತ್ತಾ.